ಮ್ಯಾಲಿನ ತಿಳಿ

...ಇಲ್ಲವ್ವ ಪಂಚಶೀಲಾ, ನಾ ಅಂದಿದ್ದು ತಿಳಿನೀರು. ನೀ ಬ್ಯಾಟರಿ ಅಂಗಡ್ಯಾಗಿಂದ ಫೋನ್ ಹಚ್ಚಿದಾಗ ಗದ್ದಲಿತ್ತು, ನೀನೂ ಅಳಲಾಕತ್ತಿದ್ದಿ. ನಾ ತಿಳಿನೀರು ಅಂದಿದ್ದು ನಿನಗ ಸುಣ್ಣದ ತಿಳಿ ಅಂತ ಕೇಳಿಸ್ಯಾದ. ಗಂಡನ ಕಣ್ಣಿಗಿ ಆಸಿಡ್ ಸಿಡಿದಾಗ ಯಾರಿಗರೆ ಹಂಗಾಗ್ತದ. ನಾ ನಿನ್ನ ಬೈಯಲಾಕ ಬಂದಿಲ್ಲ.

ಅತ್ತಾಗ ಯಾಕ ಮಾರಿ ತಿರುಗಿಸ್ತಿ? ಕುಂಡ್ರು. ವಾರ್ಡಿನ್ಯಾಗ ಬಿಡಾಕ ಇನ್ನಾ ಹೊತ್ತದ. ಕಮಲಾಪುರದಿಂದ ಬಸ್ಸಿನ್ಯಾಗ ನಿಂತಗೊಂಡೇ ಬಂದೀನಿ. ಪ್ರೇಮಕುಮಾರಗ ಕೆಂಪು ಬಾಳಿಹಣ್ಣು ತಂದೀನಿ... ತಿನ್ನಲಾಕ ಆಗಂಗಿಲ್ಲೇನು? ಇರ್ಲಿ, ಇಲ್ಲೇ ಇಡ್ತೀನಿ.

ಡಾಕ್ಟರ್ ಏನಂದ್ರು? ಒಂದು ಕಣ್ಣರೆ... ಎರಡೂ? ಹುಂ. ಹೊರಗ ನರ್ಸ್ ನನಗೂ ಹಂಗೇ ಅಂದ್ಳು. ಕಪನೂರ ಬ್ಯಾಟರಿ ಅಂಗಡಿ ಮಾಲಕ ಕರೀಂಸಾಬ್ ಅವನ್ನ ಕೂಡ್ಲೇ ನಳದ ಬುಡಕ ಹಿಡಿದಿದ್ನಂತಲ್ಲ, ಅರ್ಧ ತಾಸು ಅಲ್ಲೇ ಹಿಡಿದಿದ್ರ ಒಂದು ಕಣ್ಣು ಉಳೀತಿತ್ತಂತ. ಆಸಿಡ್ಕಿಂತ ಸುಣ್ಣ ಕೆಟ್ಟ ಅಂತ, ಕಣ್ಣಿನ್ಯಾಗ ಬಿದ್ರ ಒಳಗೊಳಗ ಇಳಕೋತನೇ ಹೋಗ್ತದಂತ. ಮೂವತ್ತೊಂದು ವರ್ಷ ವಿಜ್ಞಾನ ಕಲಿಸೀನಿ, ಇದು ನನಗ ಗೊತ್ತಿದ್ದಿಲ್ಲ ನೋಡು. ಅಂದ್ರ... ಗೊತ್ತಿತ್ತು. ಅದಕ್ಕೇ ತಿಳಿನೀರು ಅಂದೆ.

ತಲಿ ಯಾಕ ಅಳ್ಳಾಡಿಸ್ತಿ? ಹೌದು, ಕ್ಲಾಸಿನ್ಯಾಗ ನಾನೇ ಕಲಿಸಿದ್ದು. ಅರಿಶಿಣಕ್ಕ ಸುಣ್ಣ ಕಲಸಿದ್ರ ಕೆಂಪಾಗ್ತದ, ಲಿಂಬಿಹಣ್ಣು ಹಿಂಡಿದ್ರ ಮತ್ತ ಹಳದಿ. ಆಮ್ಲ, ಪ್ರತ್ಯಾಮ್ಲ ಎರಡೂ ಕೂಡಿದ್ರ ಉಪ್ಪು, ನೀರು, ಜಗಳ ಮುಗೀತು. ನೀ ಮುಂದಿನ ಬೆಂಚಿನ್ಯಾಗ ಕುಂತು ಎಲ್ಲಾರ್ಕಿಂತ ಮೊದಲ ಕೈ ಎತ್ತತಿದ್ದಿ. ಆದ್ರ ಅದು ತಾಟಿನ್ಯಾಗಿನ ಮಾತವ್ವ, ಕಣ್ಣಿನ್ಯಾಗಿಂದಲ್ಲ. ಅಷ್ಟು ಹೇಳಬೇಕಿತ್ತು ನಾ. ಪರೀಕ್ಷಾಕ್ಕ ಬರಂಗಿಲ್ಲ ಅಂತ ಬಿಟ್ಟೆ.

ಈಗ ಕೇಳು. ನಿಮ್ಮತ್ತಿ ಶಿವಕಾಂತಮ್ಮ ಮುಂಜಾನಿ ದವಾಖಾನಿ ಬಾಗಲದಾಗ ಸಿಕ್ಕಿದ್ರು. ನೀ ನನ್ನ ಹೆಸರೇ ತಗದಿದ್ದಿಲ್ಲಂತ ಅವರ ಮುಂದ. ಫೋನಿನ ಮಾತು ನಾನೇ ತಗದೆ, ಅಂಜಿಕಿಗಿ. ನಾ ನೀರು ಅಂದಿದ್ದೆ, ಹುಡುಗಿ ತಪ್ಪು ಕೇಳ್ಯಾಳ ಅಂದೆ. ಇನ್ನ ಮನಿ ಹೊಸ್ತಿಲ ತುಳೀಬ್ಯಾಡ ಅಂದ್ರೇನು ನಿನಗ? ಸಿಟ್ಟಿನ್ಯಾಗ ಅಂದಾರ, ಇಳೀತದ. ಪೊಲೀಸರು ಬಂದು ಕೇಳಿದ್ರ ನೀನೂ ಹಂಗೇ ಅನ್ನು, ತಪ್ಪು ಕೇಳ್ದೆ ಅಂತ. ಮುಂದಿನ ತಿಂಗಳ ನನಗ ನಿವೃತ್ತಿ, ಸಾಲ್ಯಾಗ ಸನ್ಮಾನ ಇಟ್ಟಾರ. ನಿನಗ ಯಾರು ಏನು ಮಾಡ್ತಾರ? ನೀ ಹೆಂಡತಿ.

ಹಂಗ ನೋಡಬ್ಯಾಡ. ಖರೇ ಹೇಳಬೇಕಂದ್ರ ತಪ್ಪು ನಿಂದೂ ಅದ. ಮ್ಯಾಲಿನ ತಿಳಿ ಅಷ್ಟೇ ಬಗ್ಗಿಸು ಅಂದಿದ್ದೆ ನಿನಗ. ಸುಣ್ಣ ಬುಡಕ ಕುಂಡ್ರಲಿ, ಆಮ್ಯಾಲ ಅರಬ್ಯಾಗ ಸೋಸು ಅಂದಿದ್ದೆ. ನೀ ಎಲಿ-ಅಡಕಿ ಡಬ್ಬಿ ಸುಣ್ಣ ಕಲಕಿ ಹಂಗೇ...

...

ಏನರೆ ಅನ್ನವ್ವ.

ಬೈ. ಎದ್ದು ಒಂದು ಬಡಿ ಬೇಕಾದ್ರ.

ನಾನೇ ಅಂದೆ. ಸುಣ್ಣದ ತಿಳಿ ಅಂತ ನಾನೇ ಅಂದೆ, ಪಂಚಶೀಲಾ. ಕರೀಂಸಾಬ್ ನೀರು ಹಾಕಲಾಕತ್ತಾನ್ರೀ ಸರ್ ಅಂತ ನೀ ಅಂದಿ. ನೀರಿನಿಂದ ಏನೂ ಆಗಂಗಿಲ್ಲ, ಮೊದಲ ನಳ ಬಂದ್ ಮಾಡಸು ಅಂದವನೂ ನಾನೇ.

ಅದಿಷ್ಟು ನಿಮ್ಮತ್ತಿ ಮುಂದ ಹೇಳಬ್ಯಾಡವ್ವ.