ಬರೆಯದೆ ಬಿಟ್ಟ ಓಣಿ

ಕರೆಂಟ್ ಬರೋವರೆಗೂ ಕೂತಿರಿ, ಹೇಳ್ತೀನಿ. ಯಾರೋ ಎಲ್ಲೋ ಹೇಳಿದ್ದಲ್ಲ ಇದು... ನಮ್ಮ ಚಿಕ್ಕಪ್ಪನ ಮಗ ಕದಿರೇಶನಿಗೇ ಆಗಿದ್ದು.

ಅವತ್ತು ಬಸ್ಸಿಳಿದು ಕ್ಯಾಲನೂರಿಗೆ ನಡ್ಕೊಂಡು ಬರ್ತಿದ್ದ. ಕತ್ತಲಾಗಿತ್ತು. ಹಿಪ್ಪುನೇರಳೆ ತೋಟದ ಪಕ್ಕ ಹಳೇ ಬಾವಿ ಇದೆಯಲ್ಲ, ಅಲ್ಲಿ ಹಿಂದಿನಿಂದ ಸದ್ದು. ಕಿರ್... ಕಿರ್... ಚಕ್ರ ಮಡ್‌ಗಾರ್ಡಿಗೆ ಉಜ್ಜೋ ಸದ್ದು. ಯಾರೋ ಕೆಟ್ಟ ಸ್ಕೂಟಿ ತಳ್ಕೊಂಡು ಬರ್ತಿದ್ದಾರೆ ಅಂದ್ಕೊಂಡ. ಇವನು ನಿಂತ. ಅದೂ ನಿಂತಿತು.

"ಅಣ್ಣ... ಗೊತ್ತಿದ್ದೂ ಸುಮ್ನಿದ್ರಲ್ಲ."

ಅವನ ಜೊತೆ ಕೆಲಸ ಮಾಡ್ತಿದ್ದ ಮೇಘನಳ ಧ್ವನಿ. ಅವಳು ಸತ್ತು ತಿಂಗಳ ಮೇಲಾಗಿತ್ತು.

ಮಾಲೂರು ಕಡೆ ಒಂದು ಕಾರ್ಖಾನೆ. ಮೇಘನ ಅಲ್ಲಿ ಅಕೌಂಟ್ಸ್‌ನಲ್ಲಿದ್ದಳು, ಹುತ್ತೂರಿನ ಹುಡುಗಿ. ಕದಿರೇಶ ನೆಟ್‌ವರ್ಕ್ ನೋಡ್ಕೊಳ್ತಿದ್ದ. ಒಂದೇ ಸರ್ವರ್ ಒಳಗೆ ಬೇರೆ ಬೇರೆ ವರ್ಚುವಲ್ ನೆಟ್‌ವರ್ಕ್, ಒಂದೂರಲ್ಲಿ ಓಣಿಗಳಿದ್ದ ಹಾಗೆ. ಯಾರು ಯಾವ ಓಣಿಗೆ ಹೋದರು ಅನ್ನೋದೆಲ್ಲ ಲಾಗ್‌ನಲ್ಲಿ, ಅಂದ್ರೆ ದಾಖಲೆ ಫೈಲ್‌ನಲ್ಲಿ, ಬೀಳುತ್ತೆ. ಎಲ್ಲಾ ಬರೆಸಿದರೆ ಡಿಸ್ಕ್ ತುಂಬುತ್ತೆ ಅಂತ ಬೇಕಾದ್ದನ್ನ ಮಾತ್ರ ಆರಿಸಿ ಬರೆಸೋದು. ಅವನ ಮೇಲಿನವನು ವೆಂಕಟ್, ದಿನಾ ಇವನ ಡಬ್ಬೀಲೇ ಊಟ ಮಾಡ್ತಿದ್ದವನು, ಅಕೌಂಟ್ಸ್ ಓಣಿ ಬರೆಸೋದು ಬಿಟ್ಬಿಡು, ಏನಾದ್ರೂ ಆದ್ರೆ ನಾನಿದ್ದೀನಿ ಅಂದ. ಇವನು ನಂಬಿ ಬಿಟ್ಟ.

ಆಮೇಲೆ ಟೆಂಡರಿನ ರೇಟು ಎದುರು ಕಂಪನಿಗೆ ಹೋಯ್ತು. ಮೇಘನಳ ಪಾಸ್‌ವರ್ಡಿನಿಂದಲೇ ಹೋಗಿರೋದು ಅಂದ ವೆಂಕಟ್. ಲಾಗ್ ತೆಗೆದು ನೋಡಿ ಅಂತ ಅವಳು ಅತ್ತಳು. ಅಲ್ಲಿ ಲಾಗೇ ಇರಲಿಲ್ಲ. ಲಾಗ್ ಯಾರು ಬಿಡಿಸಿದ್ದು ಅಂತ ಕದಿರೇಶ ಬಾಯಿ ಬಿಡಲಿಲ್ಲ. ಕೆಲಸ ಕಳ್ಕೊಂಡು ಸ್ಕೂಟೀಲಿ ಊರಿಗೆ ಹೊರಟವಳಿಗೆ ದಾರೀಲಿ ಲಾರಿ ಬಡೀತು.

ಅವತ್ತು ಬಾವಿ ಹತ್ರ ತಿರುಗಿ ನೋಡೋಕೆ ಅವನ ಕತ್ತೇ ಹೊರಳಲಿಲ್ವಂತೆ. ಕಿವಿ ಪಕ್ಕ ತಣ್ಣಗೆ... "ಆ ಓಣೀನೂ ಬರೆಸಿ ಅಣ್ಣ. ಅಷ್ಟೇ."

ಬೆಳಿಗ್ಗೆ ಹೋದವನೇ ಯಾರಿಗೂ ಹೇಳದೆ ಅಕೌಂಟ್ಸ್ ಓಣಿಗೂ ಲಾಗ್ ಹಾಕಿದ. ಆ ವಾರವೇ ಲಾಗ್‌ನಲ್ಲಿ ಬಿತ್ತು. ಸತ್ತವಳ ಹೆಸರಲ್ಲಿ ಯಾರೋ ಒಳಗೆ ಹೋಗಿದ್ದಾರೆ, ರೇಟಿನ ಫೈಲ್ ತೆಗೆದಿದ್ದಾರೆ. ಹೋಗಿದ್ದು ವೆಂಕಟನ ಕಂಪ್ಯೂಟರಿಂದ.

ಕದಿರೇಶ ಆ ಲಾಗ್ ತಗೊಂಡು ಹೋಗಿ ಮ್ಯಾನೇಜರ್ ಮುಂದೆ ಇಟ್ಟ. ವೆಂಕಟ್ ಇವನ ಮುಖ ಕೂಡ ನೋಡಲಿಲ್ಲ. "ಲಾಗ್ ಬಿಡಿಸಿದ್ದು ಇವನೇ ಸಾರ್. ನಂಗೆ ಗೊತ್ತೇ ಇಲ್ಲ." ಬಾವಿ ಹತ್ರಕ್ಕಿಂತ ಅಲ್ಲೇ ಜಾಸ್ತಿ ಹೆದರಿದೆ ಕಣೋ ಅಂತಾನೆ ಕದಿರೇಶ. ಇಬ್ಬರನ್ನೂ ಕೆಲಸದಿಂದ ತೆಗೆದರು.

ಮೇಘನ ತಪ್ಪು ಮಾಡಿಲ್ಲ ಅಂತ ಅವಳ ತಾಯಿ ಶ್ಯಾಮಲಮ್ಮನಿಗೆ ಹೇಳಬೇಕಿತ್ತು. ಒಬ್ಬನೇ ಹೋಗೋಕೆ ಧೈರ್ಯ ಸಾಲದೆ ನನ್ನನ್ನೂ ಹುತ್ತೂರಿಗೆ ಕರ್ಕೊಂಡು ಹೋದ. ಶ್ಯಾಮಲಮ್ಮ ನಮ್ಮನ್ನ ಯಾವತ್ತೂ ಕಂಡವರಲ್ಲ. ಎಲ್ಲಾ ಕೇಳಿದರು, ಅಳಲಿಲ್ಲ. ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು.

"ತಗೋ ನಾಯ್ನಾ. ನಿಂದಕ್ಕೆ ಸಕ್ಕರೆ ಹಾಕಿಲ್ಲ," ಅಂತ ಮಗನಿಗೆ ಕೊಟ್ಟ ಹಾಗೆ ಕದಿರೇಶನ ಕೈಗೆ ಕೊಟ್ಟರು.

ಅವನಿಗೆ ಶುಗರ್ ಇದೆ ಅಂತ ಡಾಕ್ಟರ್ ಹೇಳಿದ್ದೇ ಹಿಂದಿನ ದಿನ. ನನಗೂ ಹೇಳಿರಲಿಲ್ಲ, ಮನೇಲೂ ಹೇಳಿರಲಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಪಕ್ಕದಲ್ಲೇ ಕೂತಿದ್ದೆ... ನನ್ನ ಲೋಟದಲ್ಲಿ ಸಕ್ಕರೆ ಇತ್ತು.