ಅಜ್ಜಿಗೆ ಚಪ್ಪಾಳೆ

…ಅದೇ ಹೇಳ್ತಿದೀನಲ್ಲ ಅಕ್ಕ, "ಕೂತಲ್ಲೇ ಕೂತಿರಿ ಸಾರ್, ನೀರಿಗಿಳಿಯೋ ಹೊತ್ತಿಗೆ ನಾನೇ ಹಾಕ್ತೀನಿ" ಅಂತ ಬಡ್ಕೊಂಡೆ. ಕೇಳಬೇಕಲ್ಲ ಆ ದಪ್ಪ ಗಿರಾಕಿ! ಕಾಲಿಗೆ ಅಷ್ಟುದ್ದ ರಬ್ಬರ್ ಫಿನ್ಸ್ ಏರಿಸ್ಕೊಂಡು, ಹೊಟ್ಟೆ ಮುಂದೆ ಮಾಡ್ಕೊಂಡು, ಬೋಟ್ ತುಂಬಾ ಪಟಪಟ ಅಂತ ಬಾತುಕೋಳಿ ಥರ ನಡೆದ. ಬಂತು ನೋಡು ಒಂದು ಅಲೆ… ಸೀದಾ ಹೋಗಿ ಆ ಹೊಸ ಮದುಮಗನ ತೊಡೆ ಮೇಲೆ! ಮದುಮಗಳ ತೊಡೆ ಮೇಲೇನಾದ್ರೂ ಆಗಿದ್ರೆ ಬೋಟಲ್ಲೇ ಕೊಲೆ ಆಗ್ತಿತ್ತು. ಯಾಕೆ ನಗ್ತೀಯ? ನಗು, ನಗು. ನಿನಗೇನು, ಹಿತ್ತಲಲ್ಲಿ ಕುರ್ಚಿ ಹಾಕ್ಕೊಂಡು ನಗ್ತೀಯ. ಅಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಸಿಮೆಂಟ್ ವ್ಯಾಪಾರಿಯಂತೆ. ಮೈ ನೋಡಿದ್ರೆ ವ್ಯಾಪಾರ ಆಗದೆ ಉಳಿದಿದ್ದನ್ನ ಅವನೇ ತಿಂದ ಹಾಗಿದ್ದ.

ಆ ಪೈಪ್ ಇಲ್ಲಿ ಕೊಡು… ಕೊಡಲ್ವಾ? ಆಯ್ತು ತಾಯಿ, ನೀನೇ ಹಿಡಿ. ಮಾಸ್ಕೆಲ್ಲ ತೊಟ್ಟೀಲಿದಾವೆ, ಉಪ್ಪು ಹೋಗೋ ಹಾಗೆ ಸಿಹಿನೀರಲ್ಲಿ… ಅಯ್ಯೋ, ನಿನಗೆ ನಾನು ಹೇಳಿಕೊಡೋದು! ಕಿವಿ ಹಿಂಡಿ ಹಿಂಡಿ ಇದನ್ನೆಲ್ಲ ನನಗೆ ಕಲಿಸಿದೋಳಿಗೆ!

ಮದುಮಗಳ ಕಥೆ ಕೇಳು. ಬೋಟಲ್ಲಿ ಏನು ಧೈರ್ಯ, ಏನು ಮಾತು. ಗಂಡನಿಗೇ ಪಾಠ ಹೇಳ್ತಿದ್ಲು, ಹೀಗೆ ಉಸಿರಾಡಬೇಕು, ಹಾಗೆ ಮೂಗು ಹಿಡಿದು ಕಿವಿ ಬಿಡಿಸ್ಕೋಬೇಕು ಅಂತ. ನೀರೊಳಗೆ ತಲೆ ಹೋಗಿದ್ದೇ ತಡ, ನನ್ನ ತೋಳು ಹಿಡಿದ್ಲು ನೋಡು, ಮೇಲೆ ಬರೋವರೆಗೂ ಬಿಡಲಿಲ್ಲ. ಇಲ್ಲಿ ನೋಡು, ಉಗುರು! ಗಂಡ ಪಾಪ ಪಕ್ಕದಲ್ಲೇ ಕೈ ಚಾಚ್ಕೊಂಡು ತೇಲ್ತಿದ್ದ. ಅವನ ಕಡೆ ತಿರುಗಿಯೂ ನೋಡಲಿಲ್ಲ. ಮದುವೆ ಆಗಿರೋದು ನನ್ನನ್ನೋ ಅವನನ್ನೋ ಅಂತ ನನಗೇ ಅನುಮಾನ ಬಂತು.

ಏನು? …ಹಾಂ, ಅಜ್ಜಿ. ಬರ್ತೀನಿ ಇರು, ಅಲ್ಲಿಗೇ ಬರ್ತಿದೀನಿ. ದಿನಾ ಇದೇ ಆಯ್ತು. ತಂಗಿ ಮನೆಗೆ ಬಂದ್ಲಾ, ತಿಂದ್ಲಾ, ಕುಡಿದ್ಲಾ… ಊಹೂಂ. ಅಜ್ಜಿ ಹೇಗಿದಾಳೆ! ಚಿಕ್ಕಪ್ಪ ಬೋಟ್ ಕಟ್ಟುವಾಗ ಹೇಳ್ತಿದ್ದ, "ನಿಮ್ಮಕ್ಕಂಗೆ ಮನೇಲಿರೋ ಜನಕ್ಕಿಂತ ಸಮುದ್ರದಲ್ಲಿರೋ ಕಲ್ಲಿನ ಮೇಲೇ ಪ್ರೀತಿ" ಅಂತ. ಕಲ್ಲಲ್ಲ ಚಿಕ್ಕಪ್ಪ, ಹವಳ, ಜೀವ ಇರೋದು ಅಂದೆ. "ಹವಳ ಆದ್ರೆ ಕಿತ್ಕೊಂಡು ಬಾ, ನಿಮ್ಮ ಚಿಕ್ಕಮ್ಮಂಗೆ ಸರ ಮಾಡಿಸೋಣ" ಅಂತಾನೆ! ಜೀವಮಾನವೆಲ್ಲ ಬೋಟ್ ಓಡಿಸಿದಾನೆ, ಒಂದು ಸಲ ತಲೆ ನೀರೊಳಗೆ ಮುಳುಗಿಸಿ ನೋಡಿಲ್ಲ.

ಹೇಳ್ದೆ, ನೀನು ಕಲಿಸಿದ ಮಾತೇ ಹೇಳ್ದೆ ಗಿರಾಕಿಗಳಿಗೆ. ಒಂದಕ್ಷರ ಬಿಟ್ಟಿಲ್ಲ. "ಈಗ ನಾವು ನೋಡೋಕೆ ಹೋಗ್ತಿರೋದು ಒಂದು ಮನೆಯಷ್ಟು ದೊಡ್ಡ ಹವಳ. ನಮ್ಮ ಮುತ್ತಜ್ಜಂದಿರು ಹುಟ್ಟೋಕೆ ಮುಂಚಿನಿಂದಲೂ ಅಲ್ಲೇ ಇದಾಳೆ. ಅದಕ್ಕೇ ನಮ್ಮಕ್ಕ ಅಜ್ಜಿ ಅಂತ ಹೆಸರಿಟ್ಟಿದಾಳೆ. ಹಿರಿಯರ ಮನೆಗೆ ಹೋದಾಗ ಹೇಗಿರ್ತೀರೋ ಹಾಗಿರಿ, ಏನನ್ನೂ ಮುಟ್ಟಬೇಡಿ." ಸಿಮೆಂಟ್ ವ್ಯಾಪಾರಿ ಕೈ ಮುಗಿದುಬಿಟ್ಟ!

ಚೆನ್ನಾಗಿದಾಳೆ. ಚೆನ್ನಾಗೇ ಇದಾಳೆ ಅಕ್ಕ, ಅವಳಿಗೇನು ಧಾಡಿ. ಮೀನಾ? ಇದ್ವಪ್ಪ. ಆ ಕಿತ್ತಳೆ ಪಟ್ಟೆಯವು… ಇದ್ವು ಅಂದ್ನಲ್ಲ. ಎಷ್ಟು ಅಂದ್ರೆ? ಎಣಿಸ್ಕೊಂಡು ಕೂತಿದ್ನಾ? ಒಂದು ಕೈಗೆ ಮದುಮಗಳು ನೇತಾಡ್ತಿದ್ಲು, ಇನ್ನೊಂದು ಕೈಲಿ ಸಿಮೆಂಟ್ ಮೂಟೆ. ಅವನು ಬೇರೆ ಸಿಲಿಂಡರ್ ಗಾಳೀನೆಲ್ಲ ಗಟಗಟ ಕುಡಿದುಬಿಟ್ಟಿದ್ದ, ಮೀಟರ್ ನೋಡೋದಾ, ಮೀನು ನೋಡೋದಾ?

ಏನು ಆ ಸೂಟ್ ಹಾಗೆ ತಿರುಗಿಸಿ ತಿರುಗಿಸಿ ನೋಡ್ತಿದೀಯ? …ಒಣಗಿದೆ. ಹೌದು, ಚಳಿಗೆ ಅಂತ ಇರೋ ಈ ದಪ್ಪದ್ದು ಹಾಕ್ಕೊಳ್ಳಲಿಲ್ಲ. ಬೇಜಾರು ಅಕ್ಕ. ಅದನ್ನ ಎಳೆದೆಳೆದು ಹಾಕ್ಕೊಳ್ಳೋ ಅಷ್ಟರಲ್ಲಿ ಅರ್ಧ ಜೀವ ಹೋಗಿರುತ್ತೆ. ಬರೀ ಟೀ ಶರ್ಟಲ್ಲೇ ಇಳಿದೆ. ಚಳಿ? …ಆಯ್ತು, ಸ್ವಲ್ಪ ಆಯ್ತು. ನೀರು ಮಾಮೂಲಿ ಹಾಗೇ ಇತ್ತು. ಮೇಲೆ ಮೇಲೆ ಬೆಚ್ಚಗಿತ್ತು ಅಷ್ಟೆ. ಬೇಸಿಗೆ ಅಲ್ವಾ, ಬೆಚ್ಚಗಿರದೆ ಏನಿರುತ್ತೆ? ನೀನೊಬ್ಳು, ಪೊಲೀಸಿಗೆ ಸೇರಬೇಕಾಗಿತ್ತು.

ಅದಿರಲಿ, ನಿನ್ನ ಕಥೆ ಹೇಳು. ಕಾಲಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆದ್ಯಾ ಇವತ್ತು? ಹೆಬ್ಬೆರಳು? ತೋರಿಸು… ಎಲ್ಲಿ, ಅಲ್ಲಾಡ್ಸು… ಅಕ್ಕ! ಅಲ್ಲಾಡ್ತು! ನೋಡ್ದೆ ನಾನು, ಗಾಳಿಗಲ್ಲ, ಅದೇ ಅಲ್ಲಾಡ್ತು! ನಾನು ಹೇಳಲಿಲ್ವಾ? ಡಾಕ್ಟ್ರೂ ಅದೇ ಅಂದಿದ್ದು. ಈ ಬೇಸಿಗೆ ಕಳೀಲಿ, ಮಳೆಗಾಲ ಕಳೀಲಿ, ಆಮೇಲೆ ಇನ್ನೊಂದು ಸಲ ಪರೀಕ್ಷೆ ಮಾಡಿ ನೀರಿಗಿಳಿಸೋಣ ಅಂತ. ಅಲ್ಲಿವರೆಗೂ ಮಾತ್ರ ಬೇಡವೇ ಬೇಡ ಅಂದಿದಾರೆ, ನೆನಪಿದೆ ತಾನೆ? ಈಗ ಇಳಿದ್ರೆ ಇರೋ ಇನ್ನೊಂದು ಕಾಲೂ ಹೋಗಬಹುದು. ನಗೋ ವಿಷಯ ಅಲ್ಲ ಇದು.

ಆವತ್ತು ಆ ಗಿರಾಕಿ ಗಾಬರಿಯಾಗಿ ಮೇಲಕ್ಕೆ ಹಾರಿದ ಅಂತ ಅವನ ಹಿಂದೇನೇ ನೀನೂ ಬಂದ್ಯಲ್ಲ… ನಿಧಾನಕ್ಕೆ ನಿಂತು ನಿಂತು ಬರಬೇಕು, ಇಲ್ಲಾಂದ್ರೆ ರಕ್ತದಲ್ಲಿ ಗುಳ್ಳೆ ಎದ್ದು ಕೈಕಾಲು ಹೋಗುತ್ತೆ ಅಂತ ಊರಿಗೆಲ್ಲ ಹೇಳೋಳು ನೀನೇ. ಅವನು ಮನೆಗೆ ಹೋಗಿ ಫೋನಲ್ಲಿ ಐದು ಸ್ಟಾರ್ ಒತ್ತಿದ. ನಿನಗೆ ಕುರ್ಚಿ ಸಿಕ್ತು. ಬಿಡು, ಅದನ್ನೆಲ್ಲ ಈಗ ಯಾಕೆ ತೆಗೀತೀನಿ ನಾನು. ಮಳೆಗಾಲ ಕಳೆದ್ರೆ ಮುಗೀತು. ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತೀನಿ. ಅಜ್ಜಿ ಎಲ್ಲಿಗೆ ಹೋಗ್ತಾಳೆ? ಅಲ್ಲೇ ಇರ್ತಾಳೆ… ಇರ್ತಾಳೆ.

ಅಕ್ಕ, ಒಂದು ಹೇಳ್ಲಾ? ಇವತ್ತು ಮಾತ್ರ ನಿಜವಾಗಲೂ… ಇವತ್ತು ಮಾತ್ರ ಅಂದ್ರೆ, ದಿನಾ ನಿಜಾನೇ ಹೇಳೋದು, ಹಾಗೆ ಮಾತಿಗೆ ಬಂತು. ಇವತ್ತು ಅಜ್ಜಿ ಎಂಥ ಚೆಂದ ಇದ್ಲು ಗೊತ್ತಾ? ಮೊದಲು ನಾನೂ ನಂಬಲಿಲ್ಲ. ದೂರದಿಂದ್ಲೇ ಕಾಣ್ತಿದ್ಲು. ನೇರಳೆ ಬಣ್ಣ… ತಿಳಿ ನೇರಳೆ, ಅದರೊಳಗೆ ನೀಲಿ, ಅಂಚಿನ ಕಡೆ ಗುಲಾಬಿ. ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ ಹೊಳೀತಿದ್ಲು ಅಕ್ಕ! ಮದುಮಗಳು ಉಗುರು ಊರೋದನ್ನೂ ಮರೆತುಬಿಟ್ಲು. ಸಿಮೆಂಟ್ ವ್ಯಾಪಾರಿ ಕೈಕಾಲು ಬಡಿಯೋದು ನಿಲ್ಲಿಸಿ ಹಾಗೇ ನಿಂತುಬಿಟ್ಟ, ಬಾಯಲ್ಲಿರೋ ನಳಿಗೆ ಬಿದ್ದುಹೋಗುತ್ತೇನೋ ಅಂತ ನನಗೆ ಹೆದರಿಕೆ. ಬೋಟ್ ಹತ್ತಿದ್ದೇ ಎಲ್ಲರೂ ಮಾಸ್ಕ್ ತೆಗೆದು ಮತ್ತೆ ನೀರಿನ ಕಡೆ ಬಗ್ಗಿ ನೋಡಿದ್ರು. ಆಮೇಲೆ ಅವನೇ ಶುರು ಮಾಡಿದ್ದು, ಚಪ್ಪಾಳೆ. ಎಲ್ಲರೂ ತಟ್ಟಿದ್ರು! "ಅಮ್ಮಾ, ಬದುಕಿದ್ದು ಸಾರ್ಥಕ ಆಯ್ತು" ಅಂದ ಅಕ್ಕ ಅವನು, ಕಣ್ಣಲ್ಲಿ ನೀರು. ನಗಬೇಡ, ನಿಜವಾಗಲೂ ನೀರು. ಆ ಮದುಮಗ ದಡಕ್ಕೆ ಬರೋ ಮುಂಚೆನೇ ವಿಡಿಯೋ ಹಾಕಿಬಿಟ್ಟಿದ್ದ. ಆವಾಗಿಂದ ನನ್ನ ಫೋನಿಗೆ ಬಿಡುವಿಲ್ಲ, ನಾಳೆ ಜಾಗ ಇದೆಯಾ, ನಾಡಿದ್ದು ಜಾಗ ಇದೆಯಾ… ಚಿಕ್ಕಪ್ಪ ಪಕ್ಕದವರ ಬೋಟನ್ನೂ ಬಾಡಿಗೆಗೆ ಕೇಳಿದಾನೆ. ನಮ್ಮ ಕೆಲಸ ಯಾವತ್ತಾದ್ರೂ ಹೀಗೆ ನಡೆದಿತ್ತಾ ಹೇಳು?

…ಹೇಳು.

ಅಕ್ಕ, ಪೈಪು… ನೀರೆಲ್ಲ ಕಾಲ ಮೇಲೇ ಹೋಗ್ತಿದೆ ನೋಡು. ಅಷ್ಟು ಚೆಂದ ಇದ್ಲು ಅಂತ ಹೇಳಿದ್ರೂ ಸಂತೋಷ ಇಲ್ವಾ ನಿನಗೆ? ಬೆಳಕು ಬಿದ್ದಿತ್ತು ಇವತ್ತು, ಅದಕ್ಕೇ ಇರಬಹುದು. ಮೋಡ ಇರಲಿಲ್ಲ. ನೀರೂ ತಿಳಿಯಾಗಿತ್ತು. ಅದಕ್ಕೇ ಹಾಗೆ ಕಂಡ್ಲು ಅಷ್ಟೆ, ಅಲ್ವಾ? ಅಲ್ವಾ ಅಕ್ಕ?

ಹಾಗೆ ನೋಡ್ಬೇಡ ನನ್ನ.

ಬೇಡ… ಹಾಗೆ ನೋಡ್ಬೇಡ ಅಂದೆ.

ಗೊತ್ತು. ನನಗೂ ಗೊತ್ತು ಕಣಕ್ಕ. ನನಗೆ ಹೇಳಿಕೊಟ್ಟವಳೇ ನೀನಲ್ವಾ? ಆ ಚಿಕ್ಕ ಹವಳದ ದಿಬ್ಬ ಸತ್ತ ಬೇಸಿಗೇಲಿ, ಅದು ಹೀಗೇ ನೀಲಿಯಾಗಿ ಹೊಳೀತು ಅಂತ ನಾನು ನೀರೊಳಗೇ ಕುಣಿದಿದ್ದೆ. ಬೋಟಿಗೆ ಬಂದ ಮೇಲೆ ನೀನು ಹೇಳಿದ್ದೆ, ಕುಣೀಬೇಡ ಕಣೇ, ನೀರು ಕಾದು ತಡೆಯೋಕಾಗದೆ ಹೋದಾಗ ಹವಳ ಹೀಗೆ ಮಾಡುತ್ತೆ, ಬಿಸಿಲಿಗೆ ಬಣ್ಣದ ಕೊಡೆ ಹಿಡಿಯುತ್ತೆ. ಆಮೇಲೆ ಬಿಳಿ. ಆಮೇಲೆ ಸಾವು, ಮೇಲೆ ಪಾಚಿ. ಅಷ್ಟೇ ಅಂದಿದ್ದೆ. ಮರೆತಿಲ್ಲ ನಾನು. ಮರೆಯೋಕಾಗಿದ್ರೆ ಎಷ್ಟು ಚೆನ್ನಾಗಿತ್ತು.

ಅಜ್ಜಿ ಬುಡದ ಕಡೆ ಬೆಳ್ಳಗಾಗಿ ತುಂಬಾ ದಿನ ಆಯ್ತು. ಹಿಂದಿನ ಭಾಗ ಪೂರ್ತಿ. ಗಿರಾಕಿಗಳನ್ನ ಆ ಕಡೆ ಕರ್ಕೊಂಡೇ ಹೋಗಲ್ಲ ನಾನು, ಮುಂದಿನಿಂದ ತೋರಿಸಿ ಮುಂದಿನಿಂದ್ಲೇ ವಾಪಸ್ಸು. ಮೀನೂ ಇಲ್ಲ ಅಕ್ಕ. ಇತ್ತು ಇತ್ತು ಅಂದಿದ್ದೆಲ್ಲ ಸುಳ್ಳು. ಕೈಗಡಿಯಾರದಲ್ಲಿ ನೀರಿನ ಬಿಸಿ ಎಷ್ಟು ಅಂತ ತೋರಿಸುತ್ತಲ್ಲ, ಅದನ್ನ ನೋಡೋದೇ ಬಿಟ್ಟಿದೀನಿ. ನೋಡಿ ಏನು ಮಾಡ್ಲಿ? ಮಗುಗೆ ಜ್ವರ ಬಂದ್ರೆ ಹಣೆ ಮೇಲೆ ಒದ್ದೆ ಬಟ್ಟೆ ಹಾಕಬಹುದು. ಸಮುದ್ರಕ್ಕೆ ಏನು ಹಾಕ್ಲಿ ನಾನು? ಯಾರ ಮನೆ ಬಾಗಿಲು ತಟ್ಟಲಿ? ಇವತ್ತು ಎಲ್ಲರನ್ನೂ ಬೋಟಿಗೆ ಹತ್ತಿಸಿ, ಒಂದು ಗಳಿಗೆ ನಾನೊಬ್ಳೇ ಮತ್ತೆ ಇಳಿದು ಅವಳ ಮುಂದೆ ನಿಂತೆ. ನಿಂತು ಬಂದೆ. ಅಷ್ಟೇ ಮಾಡೋಕಾಗಿದ್ದು. ಚಪ್ಪಾಳೆ ತಟ್ಟಿದಾಗ ತಲೆ ಬಾಗಿಸಿ ಥ್ಯಾಂಕ್ಸ್ ಬೇರೆ ಹೇಳ್ದೆ.

ನಿನಗೆ ಹೇಗೆ ಹೇಳ್ಲಿ? ಹೇಳಿದ್ರೆ ನೀನು ಮಳೆಗಾಲದವರೆಗೂ ಕಾಯೋಳಾ? ಡಾಕ್ಟ್ರೂ ಇಲ್ಲ ಗೀಕ್ಟ್ರೂ ಇಲ್ಲ, ಧುಮುಕಿಬಿಡ್ತೀಯ. ಹೇಳದೆ ಇದ್ರೆ… ದಿನಾ ಆ ಪಟ್ಟಿ ಎಳೀತೀಯ, ಹಲ್ಲು ಕಚ್ಕೊಂಡು ಎಳೀತೀಯ, ಬೆರಳು ಅಲ್ಲಾಡಿದ್ರೆ ಮಕ್ಕಳ ಥರ ನಗ್ತೀಯ, ಎಲ್ಲಾ ಅವಳಿಗೋಸ್ಕರ. ಮಳೆಗಾಲ ಕಳೆದ ಮೇಲೆ ನಿನ್ನ ಕೆಳಗಿಳಿಸಿ ನಾನು ಯಾರನ್ನ ತೋರಿಸ್ಲಿ? ನಿನ್ನ ಕಾಲು ನೋಡ್ಲಾ, ಅಜ್ಜೀನ ನೋಡ್ಲಾ? ಎರಡೂ ಕಡೆ ನೋಡಿ ನೋಡಿ ಸಾಕಾಗಿಹೋಯ್ತು ನನಗೆ.

ನನ್ನ ಬೈ ಅಕ್ಕ. ಒಂದು ಏಟು ಹಾಕು ಬೇಕಾದ್ರೆ.

…ಎಲ್ಲಿಗೆ ಹೊರಟೆ? ಇರು, ಕೋಲು… ಕೋಲು ತಗೋ, ಜಾರುತ್ತೆ ಅಲ್ಲಿ. ಒಳಗಿಂದ ಏನು ಬೇಕು ಹೇಳು, ನಾನೇ ತಂದ್ಕೊಡ್ತೀನಿ. ಅಕ್ಕ! ನಿನ್ನನ್ನೇ ಕೇಳ್ತಿರೋದು. ಆ ಪೆಟ್ಟಿಗೆ ಯಾಕೆ ತೆಗೀತೀಯ ಈಗ?

…ಅದು ಬೇಡ. ಅದನ್ನ ಒಳಗೇ ಇಡು. ಅಕ್ಕ, ನಿನ್ನ ಕಾಲು ಹಿಡ್ಕೋತೀನಿ… ಅದು ನಿನ್ನ ಮಾಸ್ಕ್ ಕಣಕ್ಕ. ಹೋದ ವರ್ಷದಿಂದ ಸಮುದ್ರಾನೇ ಕಂಡಿಲ್ಲ ಅದು, ಒಂದು ಹನಿ ಉಪ್ಪು ಹತ್ತಿಲ್ಲ ಅದಕ್ಕೆ. ಅದನ್ನ ಯಾಕೆ ತೊಳೀತಿದೀಯ?