ಮಂಕು ಹೆಡ್‌ಲೈಟು

ಅಲ್ಲಪ್ಪ ಮೆಕ್ಯಾನಿಕ್ಕು, ನಿನ್ನೆ ಸಂಜೆವರೆಗೂ ಹೇಗೋ ನಡೀತಿತ್ತು. ಮೊಮ್ಮಗಳನ್ನ ಟ್ಯೂಷನ್‌ನಿಂದ ಸ್ಕೂಟರಲ್ಲಿ ಕರ್ಕೊಂಡು ಬರ್ತಿದ್ದೆ, ದಿನಾ ಬರೋ ಹಾಗೇನೇ. ತಿರುವಿನಲ್ಲಿ ಹಾಲಿನ ವ್ಯಾನು ನಿಂತಿತ್ತು... ನಿಂತಿತ್ತು ಅಂತ ಗೊತ್ತಾಗಿದ್ದೇ ಅವಳು 'ತಾತಾ' ಅಂತ ಕಿರುಚಿದಾಗ. ಒಂದು ಗೇಣು, ಅಷ್ಟೇ ಉಳಿದಿದ್ದು. ಅದಕ್ಕೇ ಹೇಳೋದು, ಈ ಹೆಡ್‌ಲೈಟು ದಂಡ.

ಯಾಕೆ ನಗ್ತೀಯ? ಮೊನ್ನೆ ತಾನೇ ಹೊಸ ಬಲ್ಬು ಹಾಕಿದ್ದು ಅಂತಲಾ? ಹಾಕಿದೆ, ಇಲ್ಲ ಅಂದವರ್ಯಾರು? ಅದೂ ಮಿಣುಕು ಹುಳಾನೇ. ಈ ಸಲ ಒಳ್ಳೇದು ನೋಡಿ ಹಾಕು. ಎಲ್‌ಇಡಿ ಬೇಡ... ಎದುರಿಗೆ ಬರೋನ ಕಣ್ಣು ಕುಕ್ಕಿದ್ರೆ ಅವನು ನಮ್ಮ ಮೇಲೇ ಹತ್ತಿಸ್ತಾನೆ. ಹಳದಿ ಬೆಳಕಿನ ಹ್ಯಾಲೊಜೆನ್ನೇ ಇರ್ಲಿ, ವ್ಯಾಟ್ ಜಾಸ್ತಿದು. ವೈರು ಸುಡುತ್ತಾ? ಸರಿ, ಗಾಡಿ ಎಷ್ಟು ತಡೆಯುತ್ತೋ ಅಷ್ಟು.

ಕಣ್ಣಾ? ನನ್ನ ಕಣ್ಣಿಗೇನಾಗಿದೆ? ಜೀವಮಾನವೆಲ್ಲಾ ಕಾಜಾ ಹೊಲಿದ ಟೈಲರ್‌ನ ಕಣ್ಣು ಕಣಯ್ಯ ಇದು.

ನನ್ನ ಮಗಳು ಸಿಕ್ಕಿದ್ರೆ ವ್ಯಾನಿನ ವಿಷಯ ಎತ್ತಬೇಡ. ಅವಳಿಗೆ ಆಸ್ಪತ್ರೇಲಿ ಸಂಜೆ ಪಾಳಿ. ಗಾಡಿ ಕೀ ಕಸ್ಕೊಂಡುಬಿಟ್ರೆ ಆ ಮಗೂನ ಕರ್ಕೊಂಡು ಬರೋರ್ಯಾರು? ನನಗೂ... ದಿನಕ್ಕೆ ಅದೊಂದೇ ಕೆಲಸ ಉಳಿದಿರೋದು.

ನಮ್ಮ ಮನೆಯವಳು ಇದ್ದಾಗಲೂ ಇದೇ ಗಾಡಿ, ಇದೇ ರಸ್ತೆ. ಹಿಂದೆ ಕೂತು ಹೆಗಲು ತಟ್ಟೋಳು. ಎಡಕ್ಕೆ ಗುಂಡಿ ಅಂದ್ರೆ ಎಡ ಹೆಗಲು, ಬಲಕ್ಕೆ ಸೈಕಲ್ಲು ಅಂದ್ರೆ ಬಲ ಹೆಗಲು. 'ಗಾಡಿ ಓಡಿಸ್ತಿರೋದು ನಾನೋ ನೀನೋ' ಅಂತ ಬೈತಿದ್ದೆ. 'ನೀವೇ ಓಡಿಸಿ, ಯಾರು ಬೇಡ ಅಂದ್ರು' ಅನ್ನೋಳು, ಮತ್ತೆ ತಟ್ಟೋಳು. ಆಗ ಒಂದು ದಿನಾನೂ ಲೈಟು ಸಾಲದು ಅನ್ನಿಸಿರ್ಲಿಲ್ಲ. ಅವಳು ಹೋದಮೇಲೇ ನೋಡು, ಇದು ಹೀಗೆ ಮಂಕಾಗಿದ್ದು...

ಬಲ್ಬು ಕೂರಿಸಿದ್ದಾಯ್ತಾ? ಸರಿ, ಶಟರ್ ಅರ್ಧ ಇಳಿಸು. ಗೋಡೆ ಮೇಲೆ ಬೆಳಕು ಬಿಟ್ಟು ನೋಡೋಣ, ಎತ್ತರ ಸರಿಯಾಗಿದೆಯಾ ಅಂತ. ನಾನು ಇಲ್ಲೇ ಸೀಟಿನ ಹಿಂದೆ ನಿಂತಿರ್ತೀನಿ.

ಹೂಂ, ಲೈಟು ಹಾಕು.

ಹಾಕಯ್ಯ. ಯಾರಿಗೆ ಕಾಯ್ತಿದ್ದೀಯ?

ಇದೇನು, ನನ್ನ ಕೈ ಯಾಕೆ ಹಿಡ್ಕೊಂಡೆ? ಎಲ್ಲಿಗೆ ಎಳೀತೀಯ? ಹ್ಯಾಂಡಲ್ ಇದು... ಇದು ಹೆಡ್‌ಲೈಟು...

ಗಾಜು ಬಿಸಿಯಾಗಿದೆ.